ಆಗಾಜಿ ನೋಡಿದ ಪೋಸ್ಟರು

1947ರ ಒಂದು ಬೆಳಿಗ್ಗೆ, ಮುಂಬೈಯ ಕ್ರಾಫರ್ಡ್ ಮಾರ್ಕೆಟ್. ಹಣ್ಣಿನ ಮಂಡಿಯಲ್ಲಿ ಕೂತಿದ್ದ ವ್ಯಾಪಾರಿ ಗುಲಾಮ್ ಸರ್ವರ್ ಖಾನ್ ಅವರನ್ನು ಹುಡುಕಿಕೊಂಡು ಹಳೇ ಸ್ನೇಹಿತರೊಬ್ಬರು ಬಂದರು. ಹೆಸರು ದಿವಾನ್ ಬಶೇಶರನಾಥ್ ಕಪೂರ್. ಇಬ್ಬರೂ ಪೇಶಾವರದವರು, ಅಕ್ಕಪಕ್ಕದ ಮೊಹಲ್ಲಾದವರು. ‘ನಿಮಗೊಂದು ತೋರಿಸಬೇಕು ಬನ್ನಿ’ ಅನ್ನುವ ಥರ ಕರೆದುಕೊಂಡು ಹೋಗಿ ಮಾರ್ಕೆಟ್ಟಿನ ಎದುರಿಗೆ ನಿಲ್ಲಿಸಿದರು. ಅಲ್ಲೊಂದು ದೊಡ್ಡ ಸಿನಿಮಾ ಪೋಸ್ಟರು. ‘ಜುಗ್ನು’. ನಾಯಕಿ ನೂರ್ ಜಹಾನ್. ಪಕ್ಕದಲ್ಲಿ ನಾಯಕ, ಯಾರೋ ದಿಲೀಪ್ ಕುಮಾರ್ ಅಂತೆ.

ಆ ದಿಲೀಪ್ ಕುಮಾರ್ ಮುಖ ಮಾತ್ರ ತಮ್ಮ ಮಗ ಯೂಸುಫ್‌ನದು.

ದಿಲೀಪ್ ಕುಮಾರ್ ಬಗ್ಗೆ ನಮಗೆಲ್ಲ ಒಂದಿಷ್ಟು ಗೊತ್ತು. ನಮ್ಮ ತಲೆಮಾರಿನವರಿಗೆ ಬಹುಶಃ ಅಪ್ಪ ಅಮ್ಮ ಹೇಳಿದ ಹೆಸರಾಗಿ, ಯೂಟ್ಯೂಬ್‌ನಲ್ಲಿ ಕಪ್ಪು ಬಿಳುಪು ಹಾಡಾಗಿ ಗೊತ್ತು. ಆದರೆ ಆ ಪೋಸ್ಟರಿನ ಮುಂದೆ ನಿಂತ ಮನುಷ್ಯನ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಮಾತಾಡಿದರೂ ಸಿನಿಮಾ ಕಥೆಯ ವಿಲನ್ ಥರ: ಮಗನ ಪ್ರತಿಭೆಗೆ ಅಡ್ಡ ನಿಂತ ಕಟ್ಟುನಿಟ್ಟಿನ ಪಠಾಣ್ ಅಪ್ಪ. ನನಗೆ ಅದು ಸರಿ ಅನ್ನಿಸಲ್ಲ. ಮೂರು ವರ್ಷ ಮಗ ಏನು ಮಾಡ್ತಿದ್ದಾನೆ ಅಂತ ಗೊತ್ತಿಲ್ಲದೆ ಇದ್ದು, ಕೊನೆಗೆ ಸ್ನೇಹಿತನ ಕೈಯಿಂದ, ಬೀದಿಯಲ್ಲಿ, ಗೋಡೆ ಮೇಲೆ ನೋಡಿ ತಿಳಿದುಕೊಳ್ಳುವ ಅಪ್ಪನಿಗೆ ಏನಾಗಿರಬಹುದು ಅಂತ ಒಂದು ಸಲ ಯೋಚಿಸಿ.

ಮನೆಯಲ್ಲಿ ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ‘ಆಗಾಜಿ’ ಅಂತ. ಹೊರಗಿನವರಿಗೆ ಅವರು ‘ಲಾಲಾ’. ಅತ್ತ ಕಡೆ ಲಾಲಾ ಅಂದರೆ ಅಣ್ಣ, ಹಿರಿಯ. ಹೆಂಡತಿ ಆಯೇಷಾ ಬೇಗಂ, ಹನ್ನೆರಡು ಮಕ್ಕಳು. ಮನೆ ಇದ್ದದ್ದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನ ಬಳಿಯ ಗಲ್ಲಿಯಲ್ಲಿ. ಕಿಸ್ಸಾ ಖ್ವಾನಿ ಅಂದರೆ ಕಥೆ ಹೇಳುವವರ ಬಜಾರು. ಖೈಬರ್ ಕಣಿವೆ ದಾಟಿ ಬಂದ ವ್ಯಾಪಾರಿಗಳು ಚಹಾ ಕುಡಿಯುತ್ತಾ ಕಥೆ ಕೇಳುತ್ತಿದ್ದ ಜಾಗ. 1922ರ ಡಿಸೆಂಬರ್ 11ರಂದು ಮೊಹಮ್ಮದ್ ಯೂಸುಫ್ ಖಾನ್ ಹುಟ್ಟಿದ್ದು ಇಲ್ಲೇ. ಇದೇ ಬಜಾರಿನಲ್ಲಿ 1930ರ ಏಪ್ರಿಲ್ 23ರಂದು ಖಾನ್ ಅಬ್ದುಲ್ ಗಫಾರ್ ಖಾನರ ನಿಶ್ಶಸ್ತ್ರ ಅನುಯಾಯಿಗಳ ಮೇಲೆ ಬ್ರಿಟಿಷರು ಗುಂಡು ಹಾರಿಸಿದ್ದು. ಹಾಗಾಗಿ ಅದು ಬರೀ ಕಥೆಯ ಬಜಾರಲ್ಲ, ರಕ್ತದ ನೆನಪೂ ಇರುವ ಬಜಾರು.

ಇಲ್ಲೊಂದು ಸಣ್ಣ ಕೊಸರು. ‘ಪಠಾಣ್’ ಅಂದ ತಕ್ಷಣ ನಮ್ಮ ತಲೆಯಲ್ಲಿ ಪಷ್ತೋ ಮಾತಾಡುವ, ಎತ್ತರದ, ಮೂಗಿನ ತುದಿಯಲ್ಲೇ ಕೋಪ ಇರುವ ಮನುಷ್ಯನ ಚಿತ್ರ ಬರುತ್ತೆ. ಗುಲಾಮ್ ಸರ್ವರ್ ಖಾನರ ಮನೆಮಾತು ಹಿಂದ್ಕೊ. ಅದು ಪೇಶಾವರ ಪೇಟೆಯ ಭಾಷೆ, ಪಂಜಾಬಿಗೆ ಹತ್ತಿರದ್ದು. ಬಶೇಶರನಾಥರ ಹಿಂದೂ ಮನೆಯೂ ಅದೇ ಪೇಟೆಯದು. ವಂಶದ ಲೆಕ್ಕ ಹಾಕುವವರು ಇವರನ್ನು ಬೇರೆ ಪಂಗಡಕ್ಕೆ ಸೇರಿಸುವುದೂ ಉಂಟು. ಆದರೆ ದಿಲೀಪ್ ಕುಮಾರ್ ಕೊನೆಯವರೆಗೂ ತಮ್ಮನ್ನು ಪಠಾಣ್ ಅಂತಲೇ ಕರೆದುಕೊಂಡರು. ಮುಂಬೈಗೂ ಅಷ್ಟು ಸೂಕ್ಷ್ಮ ಬೇಕಿರಲಿಲ್ಲ. ಗಡಿನಾಡಿನಿಂದ ಬಂದ ಎತ್ತರದ ಮುಸ್ಲಿಮರೆಲ್ಲ ಅಲ್ಲಿ ಪಠಾಣರೇ. ರಕ್ತಕ್ಕಿಂತ ಹೆಚ್ಚಾಗಿ ಅದೊಂದು ನಡವಳಿಕೆಯ ಹೆಸರು: ಕೊಟ್ಟ ಮಾತು, ಮನೆಗೆ ಬಂದವರಿಗೆ ಊಟ, ತಲೆ ತಗ್ಗಿಸದ ಬದುಕು, ಮತ್ತೆ ‘ನಾಲ್ಕು ಜನ ಏನಂತಾರೆ’ ಅನ್ನುವುದರ ಬಗ್ಗೆ ವಿಪರೀತ ಕಾಳಜಿ. ಕೊನೆಯದು ನಮ್ಮ ಮನೆಗಳಲ್ಲೂ ಇದೆ ಬಿಡಿ, ಅದಕ್ಕೆ ಖೈಬರ್ ದಾಟಬೇಕಿಲ್ಲ.

ಆ ಮನೆಯಲ್ಲಿ ಯೂಸುಫ್ ಬಾಲ್ಯ ವಿಚಿತ್ರವಾಗಿತ್ತು. ಒಬ್ಬ ಫಕೀರ ಬಂದು, ಈ ಹುಡುಗ ಮುಂದೆ ದೊಡ್ಡ ಹೆಸರು ಮಾಡ್ತಾನೆ, ಕೆಟ್ಟ ಕಣ್ಣು ಬೀಳದ ಹಾಗೆ ನೋಡಿಕೊಳ್ಳಿ ಅಂತ ಹೇಳಿ ಹೋದನಂತೆ. ಅಜ್ಜಿ ಅದನ್ನೇ ಹಿಡಿದುಕೊಂಡರು. ಮೊಮ್ಮಗನ ತಲೆ ಬೋಳಿಸಿ, ಹಣೆಗೆ ಮಸಿ ಬಳಿದು ಸ್ಕೂಲಿಗೆ ಕಳಿಸೋಕೆ ಶುರು ಮಾಡಿದರು. ಸ್ಕೂಲಲ್ಲಿ ಮಕ್ಕಳು ಬಿಡ್ತಾರಾ? ಆಡಿಕೊಂಡು ನಕ್ಕರು. ಆ ಒಂಟಿತನದ ನೋವು ಮುಂದೆ ದುರಂತ ಪಾತ್ರಗಳಲ್ಲಿ ಕೆಲಸಕ್ಕೆ ಬಂತು ಅಂತ ಸ್ವತಃ ದಿಲೀಪ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 2014ರಲ್ಲಿ ಬಂದ ಆ ಪುಸ್ತಕದ ಹೆಸರು ‘ದ ಸಬ್‌ಸ್ಟೆನ್ಸ್ ಅಂಡ್ ದ ಶ್ಯಾಡೋ’. ಅಪ್ಪನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬರುವುದೂ ಅದೇ ಪುಸ್ತಕದಿಂದ. ಅಂದರೆ ನಮಗೆ ಸಿಗುವ ಆಗಾಜಿ, ತೊಂಬತ್ತರ ವಯಸ್ಸಿನ ಮಗನ ನೆನಪಿನ ಆಗಾಜಿ. ಭಯ ಹೋಗಿ ಪ್ರೀತಿ ಉಳಿದ ಮೇಲಿನ ಚಿತ್ರ ಅದು. ಓದುವಾಗ ಅದು ನೆನಪಿರಲಿ.

ಹಣ್ಣಿನ ವ್ಯಾಪಾರ ಅವರನ್ನು ಮುಂಬೈಗೆ ತಂದಿತು. 1928ರಿಂದ ಮುಂಬೈ ಮತ್ತು ಪೇಶಾವರದ ನಡುವೆ ಫ್ರಾಂಟಿಯರ್ ಮೇಲ್ ಓಡುತ್ತಿತ್ತು. ಗಡಿನಾಡಿನ ಹಣ್ಣಿಗೆ, ಒಣಹಣ್ಣಿಗೆ ಮುಂಬೈಯಲ್ಲಿ ಬೇಡಿಕೆ ಇತ್ತು. 1930ರ ದಶಕದಲ್ಲಿ ಕುಟುಂಬ ಬಂದು ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ನಾಗದೇವಿ ಸ್ಟ್ರೀಟಿನಲ್ಲಿ ಬಿಡಾರ ಹೂಡಿತು. ಇನ್ನೊಬ್ಬ ಮಗ ಅಯೂಬ್‌ನ ಆರೋಗ್ಯಕ್ಕಾಗಿ ನಾಸಿಕ್ ಪಕ್ಕದ ದೇವಲಾಲಿಗೂ ಹೋಗಿ ಇದ್ದರು. ಯೂಸುಫ್ ಅಲ್ಲಿನ ಬಾರ್ನ್ಸ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿತ. ಆ ಇಂಗ್ಲಿಷ್ ಅವನ ಬದುಕಿನ ದಿಕ್ಕು ಎರಡು ಸಲ ಬದಲಿಸಿತು, ಅದನ್ನು ಆಮೇಲೆ ಹೇಳ್ತೀನಿ.

ಆಗಾಜಿಗೆ ಈ ಮಗನ ಬಗ್ಗೆ ಒಂದು ಆಸೆ ಇತ್ತು. ಓದಿ ಸರ್ಕಾರಿ ಅಧಿಕಾರಿ ಆಗಬೇಕು, ಹೆಸರಿನ ಮುಂದೆ ‘ಓ.ಬಿ.ಇ.’ ಅಂತ ಬರಬೇಕು. ಓ.ಬಿ.ಇ. ಅಂದರೆ ಬ್ರಿಟಿಷ್ ಚಕ್ರಾಧಿಪತ್ಯದ ಬಿರುದು. ಗುಂಡಿನ ಸದ್ದು ಕೇಳಿದ ಕಿಸ್ಸಾ ಖ್ವಾನಿಯ ಮನುಷ್ಯನಿಗೆ ಅದೇ ಸರ್ಕಾರದ ಬಿರುದಿನ ಆಸೆಯೇ ಅಂತ ಇವತ್ತು ಕೂತು ಕೇಳೋದು ಸುಲಭ. ಆದರೆ ಹಣ್ಣಿನ ಬುಟ್ಟಿಗಳ ನಡುವೆ, ರೈಲು ತಡವಾದರೆ ಮಾಲು ಕೊಳೆಯುವ ವ್ಯಾಪಾರದಲ್ಲಿ ಹನ್ನೆರಡು ಮಕ್ಕಳನ್ನು ಸಾಕುತ್ತಿದ್ದ ಮನುಷ್ಯನಿಗೆ, ಮಗನ ಹೆಸರಿನ ಮುಂದೆ ಮೂರು ಅಕ್ಷರ ಅಂದರೆ ಮರ್ಯಾದೆ, ಪಿಂಚಣಿ, ನೆಮ್ಮದಿ. ನಮ್ಮಪ್ಪಂದಿರ ಬಿ.ಇ. ಆಸೆಗೂ ಇದಕ್ಕೂ ಬಹಳ ದೂರ ಇಲ್ಲ.

ಸಿನಿಮಾ ಅಂದರೆ ಅವರಿಗೆ ‘ನೌಟಂಕಿ’. ಬಶೇಶರನಾಥರ ಮಗ ಪೃಥ್ವಿರಾಜ್ ಅಷ್ಟು ಹೊತ್ತಿಗಾಗಲೇ ಹೆಸರು ಮಾಡಿದ್ದರು. 1931ರ ‘ಆಲಂ ಆರಾ’ದಲ್ಲೇ ಇದ್ದ ನಟ. ಆಗಾಜಿ ಸ್ನೇಹಿತನನ್ನು ಇದೇ ವಿಷಯಕ್ಕೆ ಕಾಲೆಳೆಯುತ್ತಿದ್ದರು: ಪೊಲೀಸ್ ಇಲಾಖೆಯಲ್ಲಿದ್ದ ನಿಮ್ಮ ಮನೆಯ ಹುಡುಗ, ಇಷ್ಟು ಎತ್ತರದ ಗಂಡಸು, ಬಣ್ಣ ಹಚ್ಚಿಕೊಂಡು ಕುಣಿಯೋದಾ ಅಂತ. ಇದು ಧರ್ಮದ ವಿರೋಧ ಮಾತ್ರ ಅಂತ ತಿಳಿದರೆ ಅರ್ಧ ಮಾತ್ರ ತಿಳಿದ ಹಾಗೆ. ಧರ್ಮನಿಷ್ಠ ಮನೆ ನಿಜ. ಆದರೆ ಪಂಜಾಬಿನಲ್ಲೂ ಗಡಿನಾಡಿನಲ್ಲೂ ಹಾಡೋದು, ಕುಣಿಯೋದು, ನಕಲು ಮಾಡೋದು ಮಿರಾಸಿಗಳಂಥ ಕುಲಗಳ ಕಸುಬು. ಮದುವೆಗೆ ಅವರನ್ನು ಕರೀತಾರೆ, ಕಾಸು ಕೊಡ್ತಾರೆ, ಆದರೆ ಪಂಕ್ತಿಯಲ್ಲಿ ಜೊತೆಗೆ ಕೂರಿಸಲ್ಲ. ಅಂದರೆ ಆಗಾಜಿಯ ಸಿಟ್ಟಿನಲ್ಲಿ ನಂಬಿಕೆ ಎಷ್ಟಿತ್ತೋ ಜಾತಿಯ ಲೆಕ್ಕವೂ ಅಷ್ಟೇ ಇತ್ತು. ಅದನ್ನು ಮುಚ್ಚಿಟ್ಟು ಅವರನ್ನು ಸಂತನನ್ನಾಗಿ ಮಾಡೋಕೆ ನನಗೆ ಇಷ್ಟವಿಲ್ಲ. ಅಂದಿನ ಹಿಂದೂ ಮನೆಗಳೂ ಈ ವಿಷಯದಲ್ಲಿ ಏನೂ ಮುಂದೆ ಇರಲಿಲ್ಲ.

1940ರ ಸುಮಾರಿಗೆ ಅಪ್ಪ ಮಗನ ನಡುವೆ ಮಾತಿಗೆ ಮಾತು ಬೆಳೆಯಿತು. ಹದಿಹರೆಯದ ಯೂಸುಫ್ ಮನೆ ಬಿಟ್ಟು ಪುಣೆ ರೈಲು ಹತ್ತಿದ. ಅಲ್ಲೊಬ್ಬ ಇರಾನಿ ಹೋಟೆಲಿನವರು, ಒಂದು ವಯಸ್ಸಾದ ಆಂಗ್ಲೋ ಇಂಡಿಯನ್ ದಂಪತಿ ಸಹಾಯ ಮಾಡಿದರು. ಮಿಲಿಟರಿ ಕ್ಲಬ್ಬಿನ ಕ್ಯಾಂಟೀನ್ ಕಂಟ್ರಾಕ್ಟರ್ ಹತ್ತಿರ ಕೆಲಸ ಸಿಕ್ಕಿತು. ಬಾರ್ನ್ಸ್ ಸ್ಕೂಲಿನ ಇಂಗ್ಲಿಷ್ ಮೊದಲ ಸಲ ಕೈಹಿಡಿದದ್ದು ಇಲ್ಲಿ. ನಾನು ಇಂಥ ಹಣ್ಣಿನ ವ್ಯಾಪಾರಿಯ ಮಗ ಅಂತ ಮಾತ್ರ ಅವನು ಯಾರಿಗೂ ಹೇಳಲಿಲ್ಲ. ಅಪ್ಪನ ಹೆಸರು ಬಳಸಿ ಕೆಲಸ ಗಿಟ್ಟಿಸಬಾರದು ಅನ್ನೋ ಹಠ. ಆಮೇಲೆ ಅಲ್ಲೇ ಸ್ಯಾಂಡ್‌ವಿಚ್ ಅಂಗಡಿ ಇಟ್ಟ. ಸೈನ್ಯದವರು ಮುಗಿಬಿದ್ದು ತಿಂದರು. ಹಣ್ಣಿನ ವ್ಯಾಪಾರಿಯ ಮಗನಿಗೆ ವ್ಯಾಪಾರ ಹೇಳಿಕೊಡಬೇಕಾ?

ಅಲ್ಲೇ ಒಂದು ದಿನ ಭಾರತದ ಸ್ವಾತಂತ್ರ್ಯ ಹೋರಾಟ ನ್ಯಾಯವಾದದ್ದು ಅಂತ ಕ್ಲಬ್ಬಿನಲ್ಲಿ ಭಾಷಣ ಬಿಗಿದ. ಪೊಲೀಸರು ಎಳೆದುಕೊಂಡು ಹೋಗಿ ಯರವಡಾ ಜೈಲಿಗೆ ಹಾಕಿದರು. ಜೈಲಿನವರು ಅವನನ್ನು ‘ಗಾಂಧಿವಾಲಾ’ ಅಂದರು. ಒಳಗಿದ್ದ ಸತ್ಯಾಗ್ರಹಿಗಳು ಉಪವಾಸ ಇದ್ದರು, ಇವನೂ ಊಟ ಮುಟ್ಟಲಿಲ್ಲ. ಪರಿಚಯದ ಮೇಜರ್ ಒಬ್ಬರು ಮಾರನೆಯ ದಿನ ಬಿಡಿಸಿಕೊಂಡು ಬಂದರು. ಓ.ಬಿ.ಇ. ಆಗಬೇಕಿದ್ದ ಹುಡುಗ!

ಕಂಟ್ರಾಕ್ಟ್ ಮುಗಿದಾಗ ಅವನ ಕೈಯಲ್ಲಿ 5,000 ರೂಪಾಯಿ ಉಳಿತಾಯ ಇತ್ತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಮನೆಗೆ ವಾಪಸ್ ಬಂದ. ಮನೆ ಬಿಟ್ಟು ಹೋಗಿ ದುಡಿದು ತಂದ ಮಗ, ಬಾಗಿಲಲ್ಲಿ ನಿಂತ ಅಪ್ಪ. ಇದು ನಮ್ಮ ಎಷ್ಟೋ ಮನೆಗಳಲ್ಲಿ ನಡೆದ ದೃಶ್ಯ, ಬೇರೆ ವಿವರಣೆ ಬೇಡ.

1942ರಲ್ಲಿ ಮನೆ ಖರ್ಚಿಗೆ ಅಪ್ಪನಿಗೆ ಹೆಗಲು ಕೊಡಬೇಕು ಅಂತ ಏನಾದರೂ ಕೆಲಸಕ್ಕೆ ಹುಡುಕುತ್ತಿದ್ದಾಗ ಚರ್ಚ್‌ಗೇಟ್ ಸ್ಟೇಷನ್‌ನಲ್ಲಿ ಡಾ. ಮಸಾನಿ ಅನ್ನುವ ಪರಿಚಯಸ್ಥರು ಸಿಕ್ಕರು. ನನ್ನ ಜೊತೆ ಮಲಾಡ್‌ಗೆ ಬಾ ಅಂದರು. ಮಲಾಡ್‌ನಲ್ಲಿ ಇದ್ದದ್ದು ಬಾಂಬೆ ಟಾಕೀಸ್. ಅದರ ಒಡತಿ ದೇವಿಕಾ ರಾಣಿ. ಈ ಹೆಸರು ಬೆಂಗಳೂರಿನವರಿಗೆ ಬೇರೆ ಕಾರಣಕ್ಕೆ ಗೊತ್ತು. ಕನಕಪುರ ರಸ್ತೆಯಲ್ಲಿ ಹೋಗುವಾಗ ತಾತಗುಣಿ ಎಸ್ಟೇಟ್ ಸಿಗುತ್ತಲ್ಲ, ಚಿತ್ರಕಾರ ರೋರಿಕ್ ಅವರದು, ಆ ರೋರಿಕ್ ಅವರ ಹೆಂಡತಿ ಇವರೇ. ಸಿನಿಮಾ ಬಿಟ್ಟು ಬಂದು ಕೊನೆಯವರೆಗೂ ಇಲ್ಲೇ ಇದ್ದು, 1994ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಜಗತ್ತಿಗೆ ದಿಲೀಪ್ ಕುಮಾರನನ್ನು ಕೊಟ್ಟ ಹೆಂಗಸು ನಮ್ಮ ಕನಕಪುರ ರಸ್ತೆಯ ನಿವಾಸಿ ಅನ್ನೋದು ನನಗೆ ಇವತ್ತಿಗೂ ಮಜಾ ಕೊಡುವ ಸಂಗತಿ.

ದೇವಿಕಾ ರಾಣಿ ಹುಡುಗನನ್ನು ನೋಡಿ ನಟ ಆಗ್ತೀಯಾ ಅಂತ ಕೇಳಿದರು. ಸಂಬಳ 1,250 ರೂಪಾಯಿ. ಯೂಸುಫ್ ಮನೆಗೆ ಬಂದು ಒಬ್ಬ ಸಹೋದರನಿಗೆ ಹೇಳಿದರೆ ಅವನು, ವರ್ಷಕ್ಕಿರಬೇಕು ಕಣೋ, ತಿಂಗಳಿಗೆ ಅಷ್ಟು ಯಾರು ಕೊಡ್ತಾರೆ ಅನ್ನುವ ಧಾಟಿಯಲ್ಲಿ ಮಾತಾಡಿದ. ಬಶೇಶರನಾಥರ ಮೊಮ್ಮಗ ರಾಜ್ ಕಪೂರ್‌ಗೆ ಅದೇ ಸ್ಟುಡಿಯೊದಲ್ಲಿ ಸಿಗುತ್ತಿದ್ದದ್ದು ಇದರ ಒಂದು ಚೂರು. ವಿಚಾರಿಸಿದರೆ ಹೌದು, ತಿಂಗಳಿಗೇ.

ಅಪ್ಪನಿಗೆ ಮಾತ್ರ ಹೇಳಲಿಲ್ಲ.

ಹೆಸರು ಬದಲಾದದ್ದರ ಬಗ್ಗೆ ಎರಡು ಕಥೆ ಇವೆ, ಎರಡನ್ನೂ ಹೇಳಿದ್ದು ದಿಲೀಪ್ ಕುಮಾರರೇ. ಆತ್ಮಕಥೆಯಲ್ಲಿ, ದೇವಿಕಾ ರಾಣಿ ತೆರೆಗೆ ಬೇರೆ ಹೆಸರು ಇರಲಿ ಅಂತ ಸಲಹೆ ಕೊಟ್ಟು ‘ದಿಲೀಪ್ ಕುಮಾರ್’ ಅಂದರು ಅಂತ ಇದೆ. ಆದರೆ 1970ರಲ್ಲಿ ಬಿ.ಬಿ.ಸಿ.ಯ ಸಂದರ್ಶನದಲ್ಲಿ ಅವರೇ ನಗುತ್ತಾ ಬೇರೆ ಹೇಳಿದ್ದರು: ಅಪ್ಪನ ಕೈಲಿ ಹೊಡೆತ ಬೀಳೋ ಭಯ. ಯೂಸುಫ್ ಖಾನ್ ಅಂತ ಒಂದು ಬಿಟ್ಟು ಬೇರೆ ಏನು ಬೇಕಾದರೂ ಇಡಿ ಅಂದೆ, ಕೆಲವು ತಿಂಗಳಾದ ಮೇಲೆ ಜಾಹೀರಾತು ನೋಡಿಯೇ ನನ್ನ ಹೆಸರು ದಿಲೀಪ್ ಕುಮಾರ್ ಅಂತ ಗೊತ್ತಾಯ್ತು ಅನ್ನುವ ಕಥೆ ಅದು. ಇವತ್ತು ಈ ಹೆಸರಿನ ಸುತ್ತ ಧರ್ಮದ ಜಗಳ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ. ಮುಸ್ಲಿಂ ಹೆಸರು ಓಡಲ್ಲ ಅಂತ ಮುಚ್ಚಿಟ್ಟರು ಅನ್ನೋದು ಒಂದು ವಾದ. ಮಾರುಕಟ್ಟೆಯ ಲೆಕ್ಕ ಇರಲೇ ಇಲ್ಲ ಅಂತ ನಾನು ಹೇಳಲ್ಲ. ಆದರೆ ಅದೇ ಸ್ಟುಡಿಯೊದಲ್ಲಿ ಕುಮುದ್‌ಲಾಲ್ ಗಂಗೂಲಿ ಅನ್ನುವ ಬ್ರಾಹ್ಮಣರ ಹುಡುಗ ಆಗಲೇ ಅಶೋಕ್ ಕುಮಾರ್ ಆಗಿದ್ದ. ‘ಕುಮಾರ್’ ಅನ್ನೋದು ಆ ಕಾಲದಲ್ಲಿ ಜಾತಿ ಊರು ಅಪ್ಪ ಮೂರನ್ನೂ ಮರೆಸುವ ಒಂದು ಪರದೆ.

ಗಮನಿಸಿ, ಯೂಸುಫ್ ಅಪ್ಪನ ಹೆಸರನ್ನು ಎರಡು ಸಲ ಮುಚ್ಚಿಟ್ಟ. ಪುಣೆಯಲ್ಲಿ ಸ್ವಾಭಿಮಾನಕ್ಕೆ, ಮಲಾಡ್‌ನಲ್ಲಿ ಭಯಕ್ಕೆ. ಮೊದಲನೆಯದನ್ನು ಅವನಿಗೆ ಕಲಿಸಿದ್ದು ಆಗಾಜಿಯೇ. ಎರಡನೆಯದಕ್ಕೆ ಕಾರಣವೂ ಆಗಾಜಿಯೇ. ನನಗೆ ಈ ಇಡೀ ಕಥೆಯ ಗಂಟು ಇರುವುದು ಇಲ್ಲಿ ಅನ್ನಿಸುತ್ತೆ.

1944ರಲ್ಲಿ ‘ಜ್ವಾರ್ ಭಾಟಾ’ ಬಂತು, ಯಾರೂ ಕ್ಯಾರೇ ಅನ್ನಲಿಲ್ಲ. ‘ಪ್ರತಿಮಾ’, ‘ಮಿಲನ್’ ಬಂದವು. ಅಪ್ಪನಿಗೆ ಗೊತ್ತಾಗದೆ ಉಳಿಯಲು ಚಿತ್ರಗಳು ದೊಡ್ಡ ಸದ್ದು ಮಾಡದೆ ಇದ್ದದ್ದೂ ಒಂದು ಕಾರಣ ಇರಬೇಕು. ಗೆದ್ದಾಗಲೇ ಸಿಕ್ಕಿಬಿದ್ದ. ‘ಜುಗ್ನು’ ದೊಡ್ಡ ಹಿಟ್, ಪೋಸ್ಟರೂ ದೊಡ್ಡದು, ಅದೂ ಅಪ್ಪನ ಮಂಡಿಯ ಎದುರಿಗೆ.

ಬಶೇಶರನಾಥರು ಆ ದಿನ ಸಮಾಧಾನವನ್ನೂ ಹೇಳಿದರಂತೆ: ಮನೆತನದ ಹೆಸರೇನೂ ಹಾಕಿಲ್ಲವಲ್ಲ, ಬೇರೆ ಹೆಸರಿದೆ, ಚಿಂತೆ ಬಿಡಿ. ವರ್ಷಗಟ್ಟಲೆ ಕಾಲೆಳೆಸಿಕೊಂಡ ಸ್ನೇಹಿತನಿಗೆ ಒಳಗೊಳಗೆ ಖುಷಿ ಆಗಿದ್ದರೆ ತಪ್ಪೂ ಅಲ್ಲ. ಆದರೆ ಆಗಾಜಿಗೆ ಆ ಸಮಾಧಾನವೇ ಹೆಚ್ಚು ನೋಯಿಸಿರಬೇಕು. ಮಗ ಕೆಟ್ಟ ಕೆಲಸ ಮಾಡಿದ ಅನ್ನೋದು ಒಂದು. ಮಗ ನನ್ನ ಹೆಸರನ್ನೇ ಬಿಟ್ಟ ಅನ್ನೋದು ಇನ್ನೊಂದು. ಮನೆಯಲ್ಲಿ ಹೊಡೆತ ಬೀಳಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಶುರುವಾಯಿತು, ಮಾತು ನಿಂತಿತು. ಯೂಸುಫ್ ತನ್ನ ಸಂಕಟವನ್ನು ರಾಜ್ ಕಪೂರ್ ಹತ್ತಿರ ಹೇಳಿಕೊಂಡ. ಕೊನೆಗೆ ಪೃಥ್ವಿರಾಜರೇ ಮನೆಗೆ ಬಂದು ಹಿರಿಯರ ಹತ್ತಿರ ಕೂತು ಮಾತಾಡಿದರು. ನೌಟಂಕಿಯವನು ಅಂತ ಅಪ್ಪ ಯಾರನ್ನು ಆಡಿಕೊಳ್ಳುತ್ತಿದ್ದರೋ ಅದೇ ಮನುಷ್ಯ ಬಂದು ಮಗನ ಪರವಾಗಿ ವಾದ ಮಾಡಬೇಕಾಯಿತು.

ಇಲ್ಲಿ ಇನ್ನೊಬ್ಬ ಪಠಾಣ್ ಅಪ್ಪನನ್ನು ನೆನಪಿಸಿಕೊಳ್ಳದೆ ಮುಂದೆ ಹೋಗೋಕಾಗಲ್ಲ. ಅತಾವುಲ್ಲಾ ಖಾನ್. ಅವರೂ ಪೇಶಾವರದ ಕಡೆಯವರು, ಅವರೂ ಕಟ್ಟುನಿಟ್ಟಿನ ಮನುಷ್ಯ. ತಂಬಾಕು ಕಂಪನಿಯ ಕೆಲಸ ಹೋಯಿತು, ಮನೆಯಲ್ಲಿ ಬಡತನ. ಒಂಬತ್ತರ ಆಸುಪಾಸಿನ ಮಗಳು ಮುಮ್ತಾಜ್‌ಳನ್ನು ಕರೆದುಕೊಂಡು ಅದೇ ಬಾಂಬೆ ಟಾಕೀಸ್ ಬಾಗಿಲಿಗೆ ಬಂದರು. ಅವಳು 1942ರ ‘ಬಸಂತ್’ನಲ್ಲಿ ಬಾಲನಟಿ, ಆಮೇಲೆ ಮಧುಬಾಲಾ. ಒಬ್ಬ ಅಪ್ಪನಿಗೆ ಮಗ ಬಣ್ಣ ಹಚ್ಚಿದರೆ ಮರ್ಯಾದೆ ಹೋಗುತ್ತೆ. ಇನ್ನೊಬ್ಬ ಅಪ್ಪ ಮಗಳ ಬಣ್ಣದ ದುಡಿಮೆಯಲ್ಲಿ ಮನೆ ನಡೆಸುತ್ತಾ, ಅವಳ ಪ್ರತಿ ಹೆಜ್ಜೆಗೆ ಕಾವಲು ನಿಂತು ಮರ್ಯಾದೆ ಉಳಿಸುತ್ತೇನೆ ಅಂದುಕೊಳ್ಳುತ್ತಾನೆ. ಆ ಮಗಳಿಗೂ ಈ ಮಗನಿಗೂ ಪ್ರೀತಿಯಾದದ್ದು, ‘ನಯಾ ದೌರ್’ ಹೊರಾಂಗಣ ಚಿತ್ರೀಕರಣಕ್ಕೆ ಅತಾವುಲ್ಲಾ ಖಾನ್ ಒಪ್ಪದೆ ವಿಷಯ ಕೋರ್ಟಿಗೆ ಹೋದದ್ದು, ಅಲ್ಲಿ ದಿಲೀಪ್ ಅವರ ವಿರುದ್ಧ ಸಾಕ್ಷಿ ಹೇಳಿದ್ದು ಎಲ್ಲ ಬೇರೆಯದೇ ಕಥೆ. ‘ಪಠಾಣರ ಮರ್ಯಾದೆ’ ಅಂತ ಒಂದೇ ಅಚ್ಚಿನ ವಸ್ತು ಇಲ್ಲ ಅನ್ನೋಕೆ ಇದನ್ನು ಹೇಳಿದೆ. ಮಂಡಿಯಲ್ಲಿ ಸ್ವಂತ ವ್ಯಾಪಾರ ಇದ್ದವನ ಮರ್ಯಾದೆ ಒಂದು ಥರ, ಕೆಲಸ ಕಳೆದುಕೊಂಡವನದು ಇನ್ನೊಂದು ಥರ.

ಅದೇ 1947ರಲ್ಲಿ ದೇಶ ಹೋಳಾಯಿತು. ಪೇಶಾವರ ಆ ಕಡೆ ಹೋಯಿತು. ಹುಟ್ಟಿದ ಮನೆ, ಮನೆಮಾತು, ಹಣ್ಣು ಬರುತ್ತಿದ್ದ ದಾರಿ ಎಲ್ಲ ಗಡಿಯ ಆಚೆ. ಧರ್ಮನಿಷ್ಠ ಮುಸ್ಲಿಂ, ಪೇಶಾವರದವರು, ಹೋಗಲು ಬೇರೆ ಕಾರಣ ಬೇಕಿರಲಿಲ್ಲ. ಆಗಾಜಿ ಹೋಗಲಿಲ್ಲ. ಅವರಿಗೆ ಪೋಸ್ಟರು ತೋರಿಸಿದ ಹಿಂದೂ ಸ್ನೇಹಿತನಿಗಂತೂ ವಾಪಸ್ ಹೋಗುವ ದಾರಿಯೇ ಉಳಿಯಲಿಲ್ಲ. ಇಬ್ಬರು ಪೇಶಾವರಿ ಮುದುಕರು ಮುಂಬೈಯಲ್ಲೇ ಉಳಿದರು. ಯೂಸುಫ್‌ನ ತಮ್ಮ ನಾಸಿರ್ 1948ರಲ್ಲಿ ಪಾಕಿಸ್ತಾನದ ಮೊದಲ ಚಿತ್ರ ‘ತೇರಿ ಯಾದ್’ನಲ್ಲಿ ನಾಯಕನಾದ. ಅಂದರೆ ಗಡಿಯ ಎರಡೂ ಕಡೆ ಆಗಾಜಿಯ ಮಕ್ಕಳು ನಟರೇ!

1948ರ ಆಗಸ್ಟ್‌ನಲ್ಲಿ ಆಯೇಷಾ ಬೇಗಂ ಹೋದರು. 1950ರ ಮಾರ್ಚ್‌ನಲ್ಲಿ ಆಗಾಜಿ. ಅವರ ಸಮಾಧಿ ಇರುವುದು ದೇವಲಾಲಿಯಲ್ಲಿ. ಇಪ್ಪತ್ತೇಳರ ಮಗನ ಹೆಗಲಿಗೆ ತಮ್ಮ ತಂಗಿಯರ ಇಡೀ ಸಂಸಾರ ಬಂತು. ಅದನ್ನು ನಡೆಸಿದ್ದು ನೌಟಂಕಿಯ ದುಡ್ಡೇ.

ಮಗನಲ್ಲಿ ಅಪ್ಪ ಎಷ್ಟು ಉಳಿದರು? ಐವತ್ತು ವರ್ಷಕ್ಕೂ ಮೀರಿದ ವೃತ್ತಿಯಲ್ಲಿ ಚಿತ್ರಗಳ ಸಂಖ್ಯೆ ಅರುವತ್ತರ ಆಸುಪಾಸು ಅಷ್ಟೇ. ಸಿಕ್ಕಿದ್ದೆಲ್ಲ ಒಪ್ಪಿಕೊಂಡಿದ್ದರೆ ಇನ್ನೂರಾಗುತ್ತಿತ್ತು. ‘ಕೋಹಿನೂರ್’ನಲ್ಲಿ ಸಿತಾರ್ ನುಡಿಸುವ ದೃಶ್ಯಕ್ಕೆ ನಿಜವಾಗಿ ಸಿತಾರ್ ಕಲಿತರು. ಕೊಳೆತ ಹಣ್ಣನ್ನು ಬುಟ್ಟಿಯ ಕೆಳಗೆ ಇಟ್ಟು ಮಾರದ ವ್ಯಾಪಾರಿಯ ಬುದ್ಧಿ ಇದು ಅಂತ ನನ್ನ ಊಹೆ. ಓ.ಬಿ.ಇ. ಬರಲಿಲ್ಲ, ಆದರೆ 1980ರಲ್ಲಿ ಮುಂಬೈಯ ಶೆರೀಫ್ ಆದರು, ಪದ್ಮಭೂಷಣ ಬಂತು, ಫಾಲ್ಕೆ ಪ್ರಶಸ್ತಿ ಬಂತು, ಪಾಕಿಸ್ತಾನದ ನಿಶಾನ್ ಎ ಇಮ್ತಿಯಾಜ್ ಬಂತು. ಪೇಶಾವರದ ಆ ಮನೆಯನ್ನು 2014ರಲ್ಲಿ ಪಾಕಿಸ್ತಾನ ರಾಷ್ಟ್ರೀಯ ಪರಂಪರೆಯ ಕಟ್ಟಡ ಅಂತ ಘೋಷಿಸಿತು. ಘೋಷಿಸಿದ್ದು ಹಣ್ಣಿನ ವ್ಯಾಪಾರಿಯ ಮನೆ ಅಂತಲ್ಲ, ದಿಲೀಪ್ ಕುಮಾರ್ ಮನೆ ಅಂತ.

ತೆರೆಯ ಮೇಲೂ ಅಪ್ಪ ಅವರನ್ನು ಬಿಡಲಿಲ್ಲ ಅನ್ನಿಸುತ್ತೆ. 1960ರ ‘ಮುಘಲ್ ಎ ಆಜಂ’ನಲ್ಲಿ ಮಗ ಸಲೀಮ್ ಅಪ್ಪ ಅಕ್ಬರನ ಎದುರು ನಿಲ್ಲುತ್ತಾನೆ. ಅಕ್ಬರ್ ಯಾರು? ಪೃಥ್ವಿರಾಜ್ ಕಪೂರ್. ಆಗಾಜಿಯ ಹತ್ತಿರ ಸಂಧಾನಕ್ಕೆ ಬಂದಿದ್ದ ಅದೇ ಪೃಥ್ವಿರಾಜ್. 1982ರ ‘ಶಕ್ತಿ’ ಹೊತ್ತಿಗೆ ದಿಲೀಪ್ ತಾವೇ ಆ ಕಟ್ಟುನಿಟ್ಟಿನ ಅಪ್ಪ, ಎದುರಿಗೆ ಸಿಟ್ಟಾದ ಮಗ ಅಮಿತಾಭ್. ಮಗನನ್ನು ಪ್ರೀತಿಸುತ್ತಾ ಅದನ್ನು ಬಾಯಿಬಿಟ್ಟು ಹೇಳೋಕಾಗದ ಆ ಪೊಲೀಸ್ ಅಧಿಕಾರಿಯ ಮುಖ ನೋಡಿ. ಆ ಮೌನ ಅವರಿಗೆ ಹೊಸದಾಗಿರಲಿಲ್ಲ.

ಇನ್ನೊಂದು ವಿಷಯ ಉಳೀತು. ಆಗಾಜಿ ತೀರಿಕೊಂಡ ಮಾರನೆಯ ವರ್ಷ, 1951ರಲ್ಲಿ, ರಾಜ್ ಕಪೂರ್ ‘ಆವಾರಾ’ ಬಂತು. ಅದರಲ್ಲಿ ಕೋರ್ಟಿನ ದೃಶ್ಯ ಇದೆ. ಮೇಲೆ ಕುರ್ಚಿಯಲ್ಲಿ ಗಂಭೀರವಾಗಿ ಒಬ್ಬರು ಜಡ್ಜ್ ಕೂತಿದ್ದಾರೆ. ಅವರು ದಿವಾನ್ ಬಶೇಶರನಾಥ್ ಕಪೂರ್. ಮೊಮ್ಮಗನ ಸಿನಿಮಾಕ್ಕೆ ತಾತನೂ ಬಣ್ಣ ಹಚ್ಚಿದ್ದರು. ಕಾಲೆಳೆಯೋಕೆ ಮಾತ್ರ ಎದುರಿನ ಮಂಡಿಯಲ್ಲಿ ಯಾರೂ ಉಳಿದಿರಲಿಲ್ಲ.